ವಿಶ್ವಾಸಪ್ರಮಾಣದ ಒಂದು ಸಾಲಿನ ಮುಂದೆ ಮೌನ: ವಯಸ್ಕರ ಅಧ್ಯಯನ ಗುಂಪೊಂದರ ಪ್ರಕರಣ

ಭಾನುವಾರದ ಆರಾಧನೆಯ ನಂತರ ಸೇರುವ ವಯಸ್ಕರ ಅಧ್ಯಯನ ಗುಂಪೊಂದನ್ನು ನಾನು ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ವಿಶ್ವಾಸಪ್ರಮಾಣದ, ಅಂದರೆ ಆರಾಧನೆಯಲ್ಲಿ ಎಲ್ಲರೂ ಒಟ್ಟಾಗಿ ಹೇಳುವ ಕ್ರೈಸ್ತ ನಂಬಿಕೆಯ ಹೇಳಿಕೆಯ, ಒಂದು ಸಾಲಿನ ಸುತ್ತ ಆ ಗುಂಪಿನಲ್ಲಿ ಐದು ವಾರಗಳ ಕಾಲ ನಡೆದ ಒಂದು ಚರ್ಚೆಯನ್ನು, ಅದರಲ್ಲಿ ನಾವು ಎಡವಿದ್ದನ್ನೂ ಸೇರಿಸಿ, ಇಲ್ಲಿ ದಾಖಲಿಸುತ್ತಿದ್ದೇನೆ. ಪ್ರಕರಣದ ಕೇಂದ್ರದಲ್ಲಿರುವ ಹಿರಿಯರ ಒಪ್ಪಿಗೆ ಪಡೆದಿದ್ದೇನೆ. ಯಾರ ಗುರುತೂ ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಂಥ ಗುಂಪುಗಳನ್ನು ನಡೆಸುವವರು ಸಾಮಾನ್ಯವಾಗಿ ಯಾವ ಪಾಠ ತೆಗೆದುಕೊಳ್ಳಬೇಕು, ಯಾವ ವ್ಯಾಖ್ಯಾನ ಓದಬೇಕು ಎಂದು ಕೇಳುತ್ತಾರೆ. ಈ ಪ್ರಕರಣದಲ್ಲಿ ಪಾಠವೂ ಸರಿಯಿತ್ತು, ವ್ಯಾಖ್ಯಾನವೂ ಸರಿಯಿತ್ತು. ಒಬ್ಬರು ಕೇಳಿದ ಪ್ರಶ್ನೆ ಯಾವುದೆಂದು ತಿಳಿಯುವ ಮೊದಲೇ ನಾವು ಉತ್ತರಿಸಲು ಕುಳಿತೆವು.

ಹಿನ್ನೆಲೆ

ಗುಂಪಿನ ಪಟ್ಟಿಯಲ್ಲಿ ಹದಿನಾಲ್ಕು ಹೆಸರುಗಳಿದ್ದವು. ವಾರಕ್ಕೆ ಹತ್ತು ಹನ್ನೊಂದು ಮಂದಿ ಬರುತ್ತಿದ್ದರು. ಮೂವತ್ತರ ಆಸುಪಾಸಿನವರಿಂದ ಎಪ್ಪತ್ತು ದಾಟಿದವರವರೆಗೆ ಎಲ್ಲ ವಯಸ್ಸಿನವರೂ ಇದ್ದರು. ಕೂಡುತ್ತಿದ್ದದ್ದು ಒಂದೂಕಾಲು ಗಂಟೆ. ನಮಗೆ ಮೂರೇ ನಿಯಮಗಳಿದ್ದವು: ಸತ್ಯವೇದದ ಪಾಠವನ್ನು ಮೊದಲು ಗಟ್ಟಿಯಾಗಿ ಓದಬೇಕು, ಯಾರನ್ನೂ ಮಾತಾಡುವಂತೆ ಒತ್ತಾಯಿಸಬಾರದು, ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯಬೇಕು. ಮೂರನೆಯ ನಿಯಮಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಅದು ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಯಾರಾದರೂ ಆತಂಕ ಹುಟ್ಟಿಸುವ ಮಾತನ್ನು ಆಡಿದಾಗ ಮಾತ್ರ.

ನಾನು ಹಿರಿಯರು ಎಂದು ಕರೆಯುತ್ತಿರುವವರು ಎಪ್ಪತ್ತು ದಾಟಿದವರು, ಸಭೆಯ ಆಡಳಿತದಲ್ಲಿ ಬಹುಕಾಲ ಜವಾಬ್ದಾರಿ ಹೊತ್ತವರು, ಆರಾಧನೆಯಲ್ಲಿ ವೇದಪಾಠ ಓದುವವರು. ಗುಂಪಿನಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಮೂರು ವರ್ಷಗಳ ಹಿಂದೆ ಅವರ ಪತ್ನಿ ತೀರಿಕೊಂಡಿದ್ದರು. ಅದು ನಮಗೆಲ್ಲ ತಿಳಿದಿತ್ತು. ಆದರೆ ಆ ಸಾವಿನ ಹಿಂದಿನ ಆರು ವರ್ಷಗಳ ಬಗ್ಗೆ ನಮಗೆ ತಿಳಿದದ್ದು ಬಹಳ ಕಡಿಮೆ ಎಂಬುದು ಆಮೇಲೆ ಗೊತ್ತಾಯಿತು.

ಮೊದಲನೆಯ ವಾರ

ಆ ವಾರ ನಮ್ಮ ಪಾಠ ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದ 18ರಿಂದ 27ರವರೆಗಿನ ವಚನಗಳು. ಪುನರುತ್ಥಾನ, ಅಂದರೆ ಸತ್ತವರು ದೇಹಸಹಿತ ಮತ್ತೆ ಏಳುವುದು, ಇಲ್ಲವೆನ್ನುವ ಯೆಹೂದಿ ಪಂಗಡದವರಾದ ಸದ್ದುಕಾಯರು ಯೇಸುವಿನ ಬಳಿ ಬಂದು ಒಂದು ಕಥೆ ಕಟ್ಟುತ್ತಾರೆ. ಏಳು ಮಂದಿ ಅಣ್ಣತಮ್ಮಂದಿರಲ್ಲಿ ಹಿರಿಯನು ಮಕ್ಕಳಿಲ್ಲದೆ ಸಾಯುತ್ತಾನೆ. ಧರ್ಮೋಪದೇಶಕಾಂಡದ 25ನೆಯ ಅಧ್ಯಾಯದ ನಿಯಮದಂತೆ ಎರಡನೆಯವನು ಅವನ ಹೆಂಡತಿಯನ್ನು ಮದುವೆಯಾಗುತ್ತಾನೆ. ಹೀಗೆ ಏಳು ಮಂದಿಯೂ ಸಾಯುತ್ತಾರೆ, ಕಡೆಗೆ ಆಕೆಯೂ ಸಾಯುತ್ತಾಳೆ. ಪುನರುತ್ಥಾನದಲ್ಲಿ ಆಕೆ ಯಾರ ಹೆಂಡತಿ? ಪ್ರಶ್ನೆ ಕೇಳಿದವರಿಗೆ ಉತ್ತರ ಬೇಕಿರಲಿಲ್ಲ. ಕೇಳಿಸಿಕೊಂಡವನನ್ನು ನಗೆಪಾಟಲು ಮಾಡಬೇಕಿತ್ತು. ಯೇಸು ಅವರದೇ ಆಧಾರಗ್ರಂಥವಾದ ಮೋಶೆಯ ಗ್ರಂಥದಿಂದ, ಉರಿಯುವ ಪೊದೆಯ ಪ್ರಸಂಗವನ್ನು ಎತ್ತಿಕೊಂಡು, ದೇವರು ಸತ್ತವರ ದೇವರಲ್ಲ, ಜೀವಿಸುವವರ ದೇವರು ಎಂದು ತೋರಿಸಿಕೊಡುತ್ತಾನೆ. ಈ ವಾದದ ಚಾತುರ್ಯವನ್ನು ವಿವರಿಸಲು ನಾನು ಸಾಕಷ್ಟು ಸಿದ್ಧತೆ ಮಾಡಿಕೊಂಡಿದ್ದೆ, ವಿವರಿಸಿದೆ ಕೂಡ.

ಮುಗಿಯಲು ಐದು ನಿಮಿಷವಿದ್ದಾಗ ಹಿರಿಯರು ಪುಸ್ತಕದಿಂದ ತಲೆಯೆತ್ತದೆಯೇ ಹೇಳಿದರು: "ನಾನು ಮೂರು ವರ್ಷದಿಂದ ವಿಶ್ವಾಸಪ್ರಮಾಣದಲ್ಲಿ ಒಂದು ಸಾಲು ಹೇಳುತ್ತಿಲ್ಲ. ಶರೀರದ ಪುನರುತ್ಥಾನ ಎಂಬಲ್ಲಿಗೆ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತೇನೆ. ನಿತ್ಯಜೀವ ಎಂಬಲ್ಲಿಗೆ ಮತ್ತೆ ಸೇರಿಕೊಳ್ಳುತ್ತೇನೆ."

ಯಾರೂ ಮಾತಾಡಲಿಲ್ಲ. ಆ ಮೌನವನ್ನು ಸಹಿಸಲಾರದೆ ನಾನು, "ಬಹಳ ಮುಖ್ಯವಾದ ವಿಷಯ, ಮುಂದಿನ ವಾರ ಇದನ್ನೇ ತೆಗೆದುಕೊಳ್ಳೋಣ" ಎಂದೆ. ಒಬ್ಬ ಮನುಷ್ಯ ತನ್ನ ಬಗ್ಗೆ ಹೇಳಿಕೊಂಡದ್ದನ್ನು ಒಂದೇ ವಾಕ್ಯದಲ್ಲಿ ಮುಂದಿನ ವಾರದ ವಿಷಯವನ್ನಾಗಿ ಮಾಡಿಬಿಟ್ಟೆ. ಪ್ರಕರಣದ ಮೊದಲ ತಪ್ಪು ಇದು, ಮತ್ತು ಇದು ನನ್ನದು.

ಎರಡನೆಯ ವಾರ

ವಿಷಯವನ್ನು ಹೀಗೆ ಒಂದು ವಾರ ಮೊದಲೇ ಘೋಷಿಸಿದ್ದರಿಂದ ಗುಂಪಿನವರು ಸಿದ್ಧರಾಗಿ ಬಂದರು. ಸಿದ್ಧತೆ ಒಳ್ಳೆಯದೇ, ಆದರೆ ಅಂದು ಅದು ಚಿಕಿತ್ಸೆಗೆ ಹೊರಟವರ ಸಿದ್ಧತೆಯಂತಿತ್ತು.

ಎಂಜಿನಿಯರ್ ಆಗಿರುವ ಒಬ್ಬ ಸದಸ್ಯರು ಕ್ರಿಸ್ತನ ಪುನರುತ್ಥಾನಕ್ಕಿರುವ ಐತಿಹಾಸಿಕ ಆಧಾರಗಳನ್ನು ಅಚ್ಚುಕಟ್ಟಾಗಿ ಮಂಡಿಸಿದರು. ಆದಿಸಭೆಯ ಬೋಧಕನಾದ ಪೌಲನು ಕೊರಿಂಥದವರಿಗೆ ಮೊದಲನೆಯ ಪತ್ರವನ್ನು ಬರೆದದ್ದು ಕ್ರಿ.ಶ. 55ರ ಆಸುಪಾಸಿನಲ್ಲಿ, ಅದರ 15ನೆಯ ಅಧ್ಯಾಯದಲ್ಲಿ ಅವನು ಕೊಡುವ ಸಾಕ್ಷಿಗಳ ಪಟ್ಟಿ ತಾನು ಇತರರಿಂದ ಪಡೆದದ್ದು ಎಂದು ಅವನೇ ಹೇಳುವುದರಿಂದ ಅದು ಪತ್ರಕ್ಕಿಂತ ಹಳೆಯದು, ಸಮಾಧಿ ಬರಿದಾಗಿರುವುದನ್ನು ಮೊದಲು ಕಂಡವರು ಹೆಂಗಸರು ಎಂದು ನಾಲ್ಕೂ ಸುವಾರ್ತೆಗಳು ಹೇಳುತ್ತವೆ, ಹೆಂಗಸರ ಸಾಕ್ಷ್ಯಕ್ಕೆ ಹೆಚ್ಚು ಬೆಲೆಯಿಲ್ಲದ ಕಾಲದಲ್ಲಿ ಅಂಥ ಕಥೆಯನ್ನು ಯಾರೂ ಬೇಕೆಂದು ಕಟ್ಟುತ್ತಿರಲಿಲ್ಲ. ಇನ್ನೊಬ್ಬರು ಶರೀರದ ಕಣಗಳ ಪ್ರಶ್ನೆಯನ್ನು ಎತ್ತಿದರು: ಮಣ್ಣಾದ ದೇಹ ಗಿಡವಾಗಿ, ಗಿಡ ಇನ್ನೊಂದು ದೇಹವಾಗಿ ಹೋದ ಮೇಲೆ ಯಾವ ಕಣ ಯಾರದು? ಇದು ಹೊಸ ಪ್ರಶ್ನೆಯಲ್ಲ. ಕ್ರಿ.ಶ. 426ರ ಹೊತ್ತಿಗೆ ಮುಗಿದ ತನ್ನ 'ದೇವನಗರ' ಗ್ರಂಥದ 22ನೆಯ ಭಾಗದಲ್ಲಿ ಪ್ರಾಚೀನ ಕ್ರೈಸ್ತ ದೈವಶಾಸ್ತ್ರಜ್ಞ ಅಗಸ್ಟೀನನು ಇದನ್ನು ಇನ್ನೂ ಉಗ್ರವಾದ ರೂಪದಲ್ಲಿ, ಒಬ್ಬ ಮನುಷ್ಯನ ಮಾಂಸವನ್ನು ಹಸಿದ ಇನ್ನೊಬ್ಬ ಮನುಷ್ಯ ತಿಂದರೆ ಅದು ಯಾರ ಶರೀರವಾಗಿ ಏಳುತ್ತದೆ ಎಂಬ ರೂಪದಲ್ಲಿ, ಎದುರಿಸುತ್ತಾನೆ. ಕತ್ತರಿಸಿ ಎಸೆದ ಕೂದಲು ಉಗುರುಗಳ ಗತಿಯೇನು ಎಂಬುದನ್ನು ಕೂಡ ಬಿಡುವುದಿಲ್ಲ. ಗುಂಪಿಗೆ ಈ ಭಾಗ ಬಹಳ ಹಿಡಿಸಿತು. ಎಲ್ಲರೂ ನಕ್ಕರು, ಚರ್ಚೆ ಬಿಸಿಯೇರಿತು, ನನಗೂ ಖುಷಿಯಾಯಿತು. ಹಿರಿಯರ ಕಡೆ ನೋಡಬೇಕೆಂಬುದು ಆ ಕ್ಷಣದಲ್ಲಿ ನನಗೆ ನೆನಪಾಗಲಿಲ್ಲ.

ಕೊನೆಯಲ್ಲಿ ಒಬ್ಬ ಸಹೋದರಿ ಅದೇ 15ನೆಯ ಅಧ್ಯಾಯದ 35, 36ನೆಯ ವಚನಗಳನ್ನು ಓದಿದರು. ಸತ್ತವರು ಹೇಗೆ ಏಳುತ್ತಾರೆ, ಎಂಥ ದೇಹದಿಂದ ಬರುತ್ತಾರೆ ಎಂದು ಒಬ್ಬನು ಕೇಳಬಹುದು ಎನ್ನುವ ಪೌಲನು, ಹಾಗೆ ಕೇಳುವವನನ್ನು ಬುದ್ಧಿಯಿಲ್ಲದವನೇ ಎಂದು ಗದರಿಸಿ, ಬಿತ್ತಿದ ಬೀಜದ ಹೋಲಿಕೆಗೆ ಹೋಗುತ್ತಾನೆ. ಆಕೆ ಓದಿದ್ದು ಬೀಜದ ಹೋಲಿಕೆಗಾಗಿ. ಆದರೆ ಕೋಣೆಯಲ್ಲಿ ಎಲ್ಲರ ಕಿವಿಗೂ ಬಿದ್ದದ್ದು ಗದರಿಕೆಯೇ. ಹಿರಿಯರು ನಕ್ಕು, "ಸರಿ, ಪೌಲನೇ ಹೇಳಿದ ಮೇಲೆ ಮುಗಿಯಿತಲ್ಲ" ಎಂದು ಪುಸ್ತಕ ಮಡಚಿದರು. ಮೂರನೆಯ ವಾರ ಅವರು ಬರಲಿಲ್ಲ.

ಅಂದು ಕೊಟ್ಟ ಉತ್ತರಗಳಲ್ಲಿ ಯಾವುದೂ ಕಳಪೆಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ಪುನರುತ್ಥಾನ ನಡೆದಿದೆಯೇ ಎಂಬ ಪ್ರಶ್ನೆಗೆ ಎಂಜಿನಿಯರ್ ಕೊಟ್ಟದ್ದು ಗಂಭೀರವಾದ ಉತ್ತರ. ಅದು ನಡೆಯಲು ಸಾಧ್ಯವೇ ಎಂಬ ಪ್ರಶ್ನೆಗೆ ಅಗಸ್ಟೀನನ ಚರ್ಚೆ ಇಂದಿಗೂ ಓದಲು ಯೋಗ್ಯ. ಪೌಲನ ಬೀಜದ ಮಾತಂತೂ ಇಡೀ ವಿಷಯದ ಬುನಾದಿ. ಆದರೆ ಹಿರಿಯರು ಇವುಗಳಲ್ಲಿ ಯಾವುದನ್ನೂ ಕೇಳಿರಲಿಲ್ಲ. ತಮ್ಮ ಬಳಿ ಉತ್ತರವಿರುವ ಪ್ರಶ್ನೆಯನ್ನೇ ಎದುರಿನವರ ಬಾಯಿಯಿಂದ ಕೇಳಿಸಿಕೊಳ್ಳುವುದು ಓದಿಕೊಂಡವರ ಗುಂಪುಗಳಿಗೆ ಅಂಟಿಕೊಂಡ ಖಾಯಿಲೆ. ನಮ್ಮದು ಓದಿಕೊಂಡವರ ಗುಂಪು.

ನಡುವೆ ನಡೆದದ್ದು

ಮೂರನೆಯ ವಾರದ ಹೊತ್ತಿಗೆ ಇನ್ನೂ ಒಂದು ವಿಷಯ ತಿಳಿಯಿತು. ಗುಂಪಿನ ಸದಸ್ಯರೊಬ್ಬರು ನಮ್ಮ ಸಭೆಯ ಪಾದ್ರಿಯಾದ ಸಭಾಪಾಲಕರ ಬಳಿಗೆ ಹೋಗಿ, ವಿಶ್ವಾಸಪ್ರಮಾಣದ ಒಂದು ಸಾಲನ್ನು ಹೇಳದವರು ಜವಾಬ್ದಾರಿಯ ಸ್ಥಾನದಲ್ಲಿದ್ದು ವೇದಪಾಠ ಓದುವುದು ಸರಿಯೇ ಎಂದು ಕೇಳಿದ್ದರು. ನಮ್ಮ ಮೂರನೆಯ ನಿಯಮ ಅಲ್ಲಿಗೆ ಮುರಿಯಿತು. ಆ ಸದಸ್ಯರನ್ನು ಚಾಡಿಕೋರ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ಒಂದು ಸಮುದಾಯ ಒಟ್ಟಾಗಿ ಏನನ್ನು ನಂಬುತ್ತದೆ ಎಂಬುದು ಅವರಿಗೆ ಪ್ರಾಮಾಣಿಕವಾಗಿ ಮುಖ್ಯವಾಗಿತ್ತು, ಮತ್ತು ಮುಂದೆ ಚರ್ಚೆಯಲ್ಲಿ ಅತ್ಯಂತ ಬಿಗಿಯಾದ ತರ್ಕ ಬಂದದ್ದೂ ಅವರಿಂದಲೇ. ಸಭಾಪಾಲಕರು ಅವರ ಮಾತನ್ನು ಪೂರ್ತಿ ಕೇಳಿಕೊಂಡು, ಯಾವ ಕ್ರಮವನ್ನೂ ಕೈಗೊಳ್ಳದೆ, ನನ್ನನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದರು: "ಅವರು ಏಕೆ ಹೇಳುತ್ತಿಲ್ಲ ಎಂದು ನೀವು ಕೇಳಿದಿರಾ?" ಕೇಳಿರಲಿಲ್ಲ.

ಆ ವಾರ ಹಿರಿಯರ ಮನೆಗೆ ಹೋದೆ. ನೀವೇಕೆ ನಂಬುವುದಿಲ್ಲ ಎಂದು ಕೇಳದೆ, ಆ ಸಾಲು ಬಂದಾಗ ನಿಮ್ಮ ಮನಸ್ಸಿನಲ್ಲಿ ಏನಾಗುತ್ತದೆ ಎಂದು ಕೇಳಿದೆ. ಅವರು ಹೇಳಿದ್ದನ್ನು ಸಾಧ್ಯವಾದಷ್ಟು ಅವರ ಮಾತಿನಲ್ಲೇ ಕೊಡುತ್ತೇನೆ.

"ಪುನರುತ್ಥಾನ ಸುಳ್ಳು ಎಂದು ನಾನು ಎಂದೂ ಹೇಳಿಲ್ಲ. ನಿಜವಾದರೆ ಏನಾಗುತ್ತದೆ ಎಂಬುದೇ ನನ್ನ ಭಯ. ಅವಳಿಗೆ ಮರೆವಿನ ಕಾಯಿಲೆ ಇತ್ತು, ಆರು ವರ್ಷ. ಕೊನೆಯ ಎರಡು ವರ್ಷ ನಾನು ಯಾರೆಂದು ಗೊತ್ತಿರಲಿಲ್ಲ. ಅಂದು ಏಳುವವಳು ಯಾರು? ಮದುವೆಯ ದಿನದವಳೋ, ಕೊನೆಯ ವರ್ಷದವಳೋ? ಕೊನೆಯ ವರ್ಷದವಳು ಎದ್ದರೆ ಅವಳಿಗೆ ನಾನು ಅಪರಿಚಿತ. ಅವಳನ್ನು ಅಳಿಸಿಹಾಕಿ ಮೊದಲಿನವಳನ್ನೇ ಎಬ್ಬಿಸಿದರೆ, ಆರು ವರ್ಷ ನಾನು ಉಣ್ಣಿಸಿದ್ದು ಯಾರಿಗೆ? ಅವಳೂ ನನ್ನ ಹೆಂಡತಿಯೇ. ನಿಮ್ಮ ಪಾಠದಲ್ಲಿ ಯಾರ ಹೆಂಡತಿ ಎಂದು ಕೇಳಿದ್ದು ತಮಾಷೆಗೆ. ಯಾವ ಹೆಂಡತಿ ಎಂದು ನಾನು ಕೇಳುವುದು ತಮಾಷೆಗಲ್ಲ."

ಎರಡು ವಾರ ನಾವು ಇವರನ್ನು ಸಂದೇಹಿ ಎಂದುಕೊಂಡು ವಾದ ಕಟ್ಟಿದ್ದೆವು. ಪುನರುತ್ಥಾನದ ಮಾತನ್ನು ನಮ್ಮೆಲ್ಲರಿಗಿಂತ ಹೆಚ್ಚು ಅಕ್ಷರಶಃ ತೆಗೆದುಕೊಂಡಿದ್ದವರು ಇವರು. ಆ ಸಾಲನ್ನು ಪ್ರತಿ ಭಾನುವಾರ ಸಲೀಸಾಗಿ ಹೇಳಿ ಮುಂದೆ ಹೋಗುವ ನಾವು, ನಾನೂ ಸೇರಿ, ಅದು ನಿಜವಾದರೆ ಏನಾಗುತ್ತದೆ ಎಂದು ಎಂದೂ ಯೋಚಿಸಿರಲಿಲ್ಲ.

ನಾಲ್ಕನೆಯ ವಾರ

ಹಿರಿಯರು ಮರಳಿ ಬರಲು ಒಪ್ಪಿದರು. ತಮ್ಮ ಪ್ರಶ್ನೆಯನ್ನು ತಾವೇ ಹೇಳುವುದಾಗಿಯೂ ಒಪ್ಪಿದರು. ನಾನು ಕ್ರಮವನ್ನು ಬದಲಿಸಿದೆ. ಅವರು ಹೇಳಿದ ನಂತರದ ಇಪ್ಪತ್ತು ನಿಮಿಷ ಯಾರೂ ಉತ್ತರ ಕೊಡುವಂತಿಲ್ಲ, ಇನ್ನೂ ಸ್ಪಷ್ಟವಾಗಿ ತಿಳಿಯಲು ಬೇಕಾದ ಪ್ರಶ್ನೆಗಳನ್ನು ಮಾತ್ರ ಕೇಳಬಹುದು. ಈ ಇಪ್ಪತ್ತು ನಿಮಿಷ ಎಷ್ಟು ಕಷ್ಟವೆಂಬುದು ನಡೆಸಿ ನೋಡಿದವರಿಗೇ ಗೊತ್ತು. ಮೊದಲ ಮೂರು ಪ್ರಶ್ನೆಗಳು ಪ್ರಶ್ನೆಯ ವೇಷ ಹಾಕಿದ ಉತ್ತರಗಳೇ ಆಗಿದ್ದವು ("ಆದರೆ ದೇವರಿಗೆ ಎಲ್ಲವೂ ಸಾಧ್ಯವೆಂದು ನೀವು ಒಪ್ಪುವುದಿಲ್ಲವೇ?"). ಅವನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ಕೇಳಬೇಕಾಯಿತು.

ಆಮೇಲೆ ವಿಚಾರಕ್ಕೆ ಬಂದೆವು. ಮನುಷ್ಯ ಇಂದಿನವನೂ ನಾಳಿನವನೂ ಒಬ್ಬನೇ ಆಗಿ ಉಳಿಯುವುದು ಯಾವುದರಿಂದ ಎಂಬ ಪ್ರಶ್ನೆಯನ್ನು ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ, ಮಾನವ ಬುದ್ಧಿಯನ್ನು ಕುರಿತ ತನ್ನ ಪ್ರಬಂಧದ ಎರಡನೆಯ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ ಚರ್ಚಿಸುತ್ತಾನೆ. ಅವನ ಪ್ರಕಾರ ವ್ಯಕ್ತಿಯನ್ನು ವ್ಯಕ್ತಿಯಾಗಿ ಹಿಡಿದಿಡುವುದು ಪ್ರಜ್ಞೆ. ಹಿಂದಿನ ಕೃತ್ಯವನ್ನು ನನ್ನದೆಂದು ಎಷ್ಟು ದೂರ ಪ್ರಜ್ಞೆ ಚಾಚಿಕೊಳ್ಳಬಲ್ಲದೋ ಅಷ್ಟು ದೂರ ನಾನು. ಪುನರುತ್ಥಾನದಲ್ಲಿ ದೇಹದ ಕಣಗಳು ಬೇರೆಯಾದರೂ ವ್ಯಕ್ತಿ ಅದೇ ಆಗಿರಬಹುದು ಎಂದು ಆತ ಅಲ್ಲಿಯೇ ಹೇಳುತ್ತಾನೆ. ಎರಡನೆಯ ವಾರದ ಕಣಗಳ ಸಮಸ್ಯೆಯನ್ನು ಇದು ಬಗೆಹರಿಸುತ್ತದೆ, ಆದರೆ ಹಿರಿಯರ ಮನೆಗೆ ಬೆಂಕಿ ಹಚ್ಚುತ್ತದೆ: ನೆನಪು ಹೋದರೆ ವ್ಯಕ್ತಿಯೂ ಹೋದಂತೆಯೇ? 1785ರಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಥಾಮಸ್ ರೀಡ್ ಕೊಟ್ಟ ಪ್ರತಿವಾದ ಇಲ್ಲಿ ಉಪಯೋಗಕ್ಕೆ ಬಂತು. ಆತ ಪ್ರಾಧ್ಯಾಪಕನಾಗುವ ಮೊದಲು ಸಭಾಪಾಲಕನಾಗಿದ್ದವನು. ತೋಟದಲ್ಲಿ ಕದ್ದು ಏಟು ತಿಂದ ಹುಡುಗ ಮುಂದೆ ಯುದ್ಧದಲ್ಲಿ ಶತ್ರುವಿನ ಧ್ವಜ ಕಿತ್ತುಕೊಂಡ ಅಧಿಕಾರಿಯಾಗುತ್ತಾನೆ, ಇಳಿವಯಸ್ಸಿನಲ್ಲಿ ಸೇನಾಪತಿಯಾಗುತ್ತಾನೆ. ಅಧಿಕಾರಿಗೆ ಏಟಿನ ನೆನಪಿದೆ. ಸೇನಾಪತಿಗೆ ಧ್ವಜದ ನೆನಪಿದೆ, ಏಟಿನದಿಲ್ಲ. ನೆನಪೇ ವ್ಯಕ್ತಿಯಾದರೆ ಸೇನಾಪತಿ ಅಧಿಕಾರಿಯೂ ಹೌದು, ಅಧಿಕಾರಿ ಹುಡುಗನೂ ಹೌದು, ಸೇನಾಪತಿ ಮಾತ್ರ ಆ ಹುಡುಗನಲ್ಲ ಎನ್ನಬೇಕಾಗುತ್ತದೆ. ಇದು ಅಸಂಬದ್ಧ, ಆದ್ದರಿಂದ ವ್ಯಕ್ತಿಯೆಂದರೆ ನೆನಪಿಗಿಂತ ಹೆಚ್ಚಿನದು. ಹಿರಿಯರು ಇದನ್ನು ಎರಡು ಸಲ ಹೇಳಿಸಿಕೊಂಡರು. "ಹಾಗಾದರೆ ಇಬ್ಬರೂ ಅವಳೇ ಎಂದು ಹೇಳಲು ತರ್ಕ ಅಡ್ಡಿ ಬರುವುದಿಲ್ಲ" ಎಂದರು. ಇಷ್ಟನ್ನು ತತ್ವಶಾಸ್ತ್ರದಿಂದ ಪಡೆದೆವು, ಅದು ಸಣ್ಣದಲ್ಲ.

ಅಗಸ್ಟೀನನ ಅದೇ ಗ್ರಂಥದಲ್ಲಿ ನಾವು ನಗುತ್ತ ದಾಟಿಹೋಗಿದ್ದ ಇನ್ನೊಂದು ಮಾತು ಈ ಸಲ ಕಣ್ಣಿಗೆ ಬಿತ್ತು. ದೇಹದ ಕುಂದುಗಳೆಲ್ಲ ಪುನರುತ್ಥಾನದಲ್ಲಿ ಹೋಗುತ್ತವೆ ಎನ್ನುವ ಆತ, ನಂಬಿಕೆಗಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳ ಗಾಯದ ಗುರುತುಗಳು ಮಾತ್ರ ಉಳಿಯಬಹುದು, ಅವು ವಿಕಾರವಾಗಿ ಕಾಣುವುದಿಲ್ಲ, ಗೌರವವಾಗಿ ಕಾಣುತ್ತವೆ ಎನ್ನುತ್ತಾನೆ. ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಎದ್ದುಬಂದ ಯೇಸು ತೋಮನಿಗೆ ತೋರಿಸುವುದು ಗಾಯಗಳನ್ನೇ. ಕೊನೆಯ ವರ್ಷಗಳು ಅಳಿಸಿಹೋಗುತ್ತವೆಯೋ ಎಂಬ ಹಿರಿಯರ ಭಯಕ್ಕೆ ಇದು ಹತ್ತಿರ ಬಂದ ಮಾತು. ಆರೈಕೆಯ ವೃತ್ತಿಯಲ್ಲಿರುವ, ಅಪರೂಪಕ್ಕೆ ಬಾಯಿ ತೆರೆಯುವ ಒಬ್ಬ ಸಹೋದರಿ ಅದೇ ಅಧ್ಯಾಯದ ಹಿಂದಿನ ಭಾಗವನ್ನು ನೆನಪಿಸಿದರು: ಮಗ್ದಲದ ಮರಿಯಳಿಗೂ ಅವನ ಗುರುತು ಸಿಗಲಿಲ್ಲ, ತೋಟಗಾರನೆಂದುಕೊಂಡಳು, ಅವನು "ಮರಿಯಳೇ" ಎಂದು ಹೆಸರು ಹಿಡಿದು ಕರೆದಾಗ ತಿರುಗಿದಳು.

ಎಲ್ಲರಿಗೂ ಇದು ಉತ್ತರವೆನಿಸಿತು. ನಾನು ಅಲ್ಲಿಗೇ ಪ್ರಾರ್ಥನೆ ಮಾಡಿ ಮುಗಿಸುವ ಯೋಚನೆಯಲ್ಲಿದ್ದೆ. ಹಿರಿಯರು ಹೇಳಿದರು: "ನಾನೂ ದಿನಾ ಬೆಳಿಗ್ಗೆ ಹೆಸರು ಹಿಡಿದು ಕರೆದೆನಮ್ಮಾ. ಅವಳು ತಿರುಗಲಿಲ್ಲ."

ಅದಕ್ಕೆ ಯಾರೂ ಏನೂ ಹೇಳಲಿಲ್ಲ. ಮೊದಲ ವಾರ ಅಂಥ ಮೌನವನ್ನು ಮುಚ್ಚಿಬಿಟ್ಟಿದ್ದ ನಾನು ಈ ಸಲ ಸುಮ್ಮನಿದ್ದೆ. ಆ ಸಹೋದರಿಯ ಮಾತು ತಪ್ಪೆಂದಲ್ಲ. ಆದರೆ ಅದು ಎಲ್ಲಿ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಕಂಡಿತು, ಅದನ್ನು ಎಳೆದು ಉದ್ದ ಮಾಡುವ ಅಗತ್ಯವಿರಲಿಲ್ಲ.

ಮೌನವನ್ನು ಮುರಿದವರು ಎಂಜಿನಿಯರ್. ಎರಡನೆಯ ವಾರ ಸಾಕ್ಷ್ಯಗಳ ಪಟ್ಟಿ ಹಿಡಿದು ಬಂದಿದ್ದವರು ಈ ಸಲ ಕೇಳಿದ್ದು ಒಂದು ಸಣ್ಣ ಪ್ರಶ್ನೆ: "ಆ ದಿನಗಳಲ್ಲಿ ಅಕ್ಕ ಆರಾಧನೆಗೆ ಬರುತ್ತಿದ್ದರಲ್ಲ, ಅವರು ವಿಶ್ವಾಸಪ್ರಮಾಣ ಹೇಳುತ್ತಿದ್ದರೇ?" ಹಿರಿಯರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಹೇಳುತ್ತಿದ್ದಳು. ಕರ್ತನ ಪ್ರಾರ್ಥನೆ, ವಿಶ್ವಾಸಪ್ರಮಾಣ, ಕೀರ್ತನೆ, ಎಲ್ಲ. ನನ್ನ ಹೆಸರು ಗೊತ್ತಿಲ್ಲದವಳು ಆ ಸಾಲನ್ನು ಒಂದಕ್ಷರ ತಪ್ಪದೆ ಹೇಳುತ್ತಿದ್ದಳು. ಪಕ್ಕದಲ್ಲಿ ನಿಂತು ನಾನು ಕೇಳಿಸಿಕೊಳ್ಳುತ್ತಿದ್ದೆ."

ಆರೈಕೆಯ ವೃತ್ತಿಯ ಸಹೋದರಿಗೆ ಇದು ಹೊಸದಾಗಿರಲಿಲ್ಲ. ಆಲ್ಝೈಮರ್ ಕಾಯಿಲೆ ಹೊಸ ನೆನಪುಗಳನ್ನು ಕೂಡಿಡುವ ಮಿದುಳಿನ ಭಾಗವನ್ನು ಮೊದಲು ತಾಗುತ್ತದೆ. ಹತ್ತಿರದ ಘಟನೆಗಳು ಮೊದಲು ಕಳೆದುಹೋಗುತ್ತವೆ, ಬಾಲ್ಯದಿಂದ ಸಾವಿರಾರು ಸಲ ಹೇಳಿ ನಾಲಿಗೆಗೆ ಹತ್ತಿದ ಪ್ರಾರ್ಥನೆ ಹಾಡುಗಳು ಅನೇಕರಲ್ಲಿ ಬಹುಕಾಲ ಉಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 5.7 ಕೋಟಿ ಜನ ಮರೆವಿನ ಕಾಯಿಲೆಗಳೊಂದಿಗೆ ಬದುಕುತ್ತಿದ್ದರು; ಹಾಗಿರುವಾಗ ಈ ಪ್ರಶ್ನೆ ನಮ್ಮ ಗುಂಪಿಗೆ ಇಷ್ಟು ತಡವಾಗಿ ಬಂದದ್ದೇ ಆಶ್ಚರ್ಯ.

ಆದರೆ ವೈದ್ಯಕೀಯ ವಿವರಣೆ ಸಿಕ್ಕಿದೊಡನೆ ಪ್ರಶ್ನೆ ಮುಗಿಯಲಿಲ್ಲ, ಜಾಗ ಬದಲಿಸಿತು. ಆಕೆ ಹೇಳಿದ್ದು ನಂಬಿಕೆಯೇ, ಬರಿಯ ನಾಲಿಗೆಯ ಅಭ್ಯಾಸವೇ? ನಂಬಿಕೆಯೆಂದರೆ ಒಂದು ಹೇಳಿಕೆಯನ್ನು ತಿಳಿದು ಒಪ್ಪುವುದು ಎಂದಾದರೆ ಆಕೆಯದು ನಂಬಿಕೆಯಲ್ಲ. ಹಾಗೆಂದು ಹೇಳುವ ಧೈರ್ಯ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಹೇಳಲಾಗದಿರುವುದಕ್ಕೆ ಕಾರಣ ಮರ್ಯಾದೆಯೋ, ಆ ವ್ಯಾಖ್ಯೆಯೇ ಸಾಲದೆಂಬ ಅರಿವೋ ಎಂಬುದನ್ನು ಐದನೆಯ ವಾರಕ್ಕೆ ಬಿಟ್ಟೆವು.

ಐದನೆಯ ವಾರ

ವಿಶ್ವಾಸಪ್ರಮಾಣವನ್ನೇ ವ್ಯಾಕರಣದ ಕಣ್ಣಿನಿಂದ ಓದಿದೆವು. ಅಪೊಸ್ತಲರ ವಿಶ್ವಾಸಪ್ರಮಾಣ ಎಂದು ಕರೆಯುವುದು ಹನ್ನೆರಡು ಅಪೊಸ್ತಲರು ಕೂತು ಬರೆದದ್ದಲ್ಲ. ರೋಮಾಪುರದ ಸಭೆಯ ಹಳೆಯ ದೀಕ್ಷಾಸ್ನಾನದ ಪಾಠದಿಂದ ಬೆಳೆದು, ಎಂಟನೆಯ ಶತಮಾನದ ಹೊತ್ತಿಗೆ ಇಂದಿನ ರೂಪಕ್ಕೆ ನಿಂತದ್ದು. ಅದರ ಲತೀನ್ ಪಾಠದಲ್ಲಿರುವುದು ಮಾಂಸದ ಪುನರುತ್ಥಾನ ಎಂಬ ಗಟ್ಟಿ ಮಾತು, ಮತ್ತು ಅದು ನಂಬುತ್ತೇನೆ ಎಂಬ ಏಕವಚನದ ಕ್ರಿಯಾಪದಕ್ಕೆ ಸೇರಿದೆ. 325ರಲ್ಲಿ ನೀಸಿಯಾದಲ್ಲಿ ಕೂಡಿದ ಮಹಾಸಭೆಯ ಗ್ರೀಕ್ ಪಾಠ ನಂಬುತ್ತೇವೆ ಎಂಬ ಬಹುವಚನದಿಂದ ಆರಂಭವಾಗುತ್ತದೆ. ಅದರಲ್ಲಿ ಸತ್ತವರ ಪುನರುತ್ಥಾನದ ಸಾಲು ಇಲ್ಲ. 381ರ ಕಾನ್‌ಸ್ಟಾಂಟಿನೋಪಲಿನ ಮಹಾಸಭೆಯ ಹೆಸರಿನಲ್ಲಿ ಬಂದ ವಿಸ್ತೃತ ಪಾಠದಲ್ಲಿ ಅದಿದೆ. ಅಲ್ಲಿ ಕ್ರಿಯಾಪದವೇ ಬೇರೆ. ತಂದೆಯಲ್ಲಿ, ಮಗನಲ್ಲಿ, ಪವಿತ್ರಾತ್ಮನಲ್ಲಿ ನಂಬಿಕೆಯಿಡುತ್ತೇವೆ ಎಂದು ಬಂದ ವಾಕ್ಯ, ಸತ್ತವರ ಪುನರುತ್ಥಾನಕ್ಕೆ ಬಂದಾಗ ಎದುರುನೋಡುತ್ತೇವೆ ಎನ್ನುತ್ತದೆ.

ಇಲ್ಲಿ ನಾನು ಒಂದು ಸುಲಭದ ದಾರಿ ಹಿಡಿಯಲು ಹೋದೆ. ಮಾರ್ಕನ 2ನೆಯ ಅಧ್ಯಾಯದಲ್ಲಿ ನಾಲ್ವರು ಹೊತ್ತುತಂದ ಪಾರ್ಶ್ವವಾಯು ರೋಗಿಯ ಪ್ರಸಂಗದಲ್ಲಿ ಯೇಸು ನೋಡುವುದು ಹೊತ್ತವರ ನಂಬಿಕೆಯನ್ನು. ಹಾಗೆಯೇ ಒಬ್ಬರು ಹೇಳಲಾಗದ ಸಾಲನ್ನು ಉಳಿದವರು ಹೊರುತ್ತಾರೆ, ನಂಬುತ್ತೇವೆ ಎಂಬ ಬಹುವಚನದ ಅರ್ಥ ಅದೇ ಎಂದೆ. ಸಭಾಪಾಲಕರ ಬಳಿಗೆ ಹೋಗಿದ್ದ ಸದಸ್ಯರು ನನ್ನನ್ನು ಅಲ್ಲಿಯೇ ತಡೆದರು. ಆದಿಸಭೆಯಲ್ಲಿ ದೀಕ್ಷಾಸ್ನಾನ ಪಡೆಯುವವನನ್ನು ನೀರಿನಲ್ಲಿ ನಿಲ್ಲಿಸಿ, ನಂಬುತ್ತೀಯಾ ಎಂದು ಒಬ್ಬೊಬ್ಬನನ್ನೇ ಕೇಳುತ್ತಿದ್ದರು. ಅವನ ಪರವಾಗಿ ಪಕ್ಕದವರು ನಂಬುತ್ತೇವೆ ಎನ್ನುತ್ತಿರಲಿಲ್ಲ. ಏಕವಚನ ಬಂದದ್ದು ಅಲ್ಲಿಂದ, ಅದನ್ನು ಬಹುವಚನದಲ್ಲಿ ಕರಗಿಸಿ ಸಮಾಧಾನ ಹೇಳುವುದು ಹಿರಿಯರಿಗೂ ಗೌರವವಲ್ಲ ಎಂದರು. ಅವರ ಮಾತು ಸರಿಯಾಗಿತ್ತು. ಒಬ್ಬ ವಯಸ್ಕನ ಮೌನವನ್ನು ನಾವು ತುಂಬಿಕೊಳ್ಳುತ್ತೇವೆ ಎಂದು ಹೇಳಿ ಅದಕ್ಕಿದ್ದ ತೂಕವನ್ನು ನಾನು ತೆಗೆದುಹಾಕುತ್ತಿದ್ದೆ. ಜೊತೆಗೆ ಅವರು, ಗುಂಪಿನ ಮಾತನ್ನು ಹೊರಗೆ ಒಯ್ದದ್ದಕ್ಕಾಗಿ ಹಿರಿಯರ ಕ್ಷಮೆ ಕೇಳಿದರು. ಪ್ರಶ್ನೆಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹಿರಿಯರ ಗಮನ ನಮ್ಮಿಬ್ಬರ ವಾದದ ಕಡೆಗೆ ಇರಲಿಲ್ಲ. ಅವರು ಕ್ರಿಯಾಪದದ ಬಳಿಯೇ ನಿಂತಿದ್ದರು. "ಎದುರುನೋಡುವುದರಲ್ಲಿ ಭಯವೂ ಸೇರಬಹುದಲ್ಲ?" ಎಂದು ಕೇಳಿದರು. ಗ್ರೀಕ್ ಶಬ್ದ ಕಾದಿರುವುದು, ನಿರೀಕ್ಷಿಸುವುದು ಎಂಬ ಅರ್ಥದ್ದು, ಬರುವುದು ಸಿಹಿಯೋ ಕಹಿಯೋ ಎಂಬುದನ್ನು ಅದೊಂದೇ ಹೇಳುವುದಿಲ್ಲ ಎಂದೆ. ಅವರು ತಮ್ಮ ಪುಸ್ತಕದ ಅಂಚಿನಲ್ಲಿ ಆ ಪದವನ್ನು ಬರೆದುಕೊಂಡರು.

ಫಲಿತಾಂಶ

ಗುಂಪಿಗೆ ಆದ ನಷ್ಟವನ್ನು ಮೊದಲು ಹೇಳುತ್ತೇನೆ. ಎರಡನೆಯ ವಾರ ಪೌಲನ ವಚನವನ್ನು ಓದಿದ ಸಹೋದರಿ ಮತ್ತೆ ಗುಂಪಿಗೆ ಬರಲಿಲ್ಲ. ತಾನು ನೋಯಿಸಿದೆನೆಂಬ ಭಾವ ಆಕೆಯನ್ನು ಬಿಡಲಿಲ್ಲ. ಹಿರಿಯರು ತಾವೇ ಹೋಗಿ ಮಾತಾಡಿದರೂ ಪ್ರಯೋಜನವಾಗಲಿಲ್ಲ. ಅಂದು ಆಕೆ ಓದಿದೊಡನೆ ನಾನು ಮುಂದಿನ ಆರು ವಚನಗಳನ್ನು ಓದಿಸಿದ್ದರೆ ಬೀಜದ ಹೋಲಿಕೆ ಗದರಿಕೆಯನ್ನು ಮುಚ್ಚುತ್ತಿತ್ತು. ಒಬ್ಬರ ಗಾಯವನ್ನು ನೋಡಿಕೊಳ್ಳುವ ಭರದಲ್ಲಿ ಇನ್ನೊಬ್ಬರದು ನಮಗೆ ಕಾಣಲೇ ಇಲ್ಲ. ಈ ಪ್ರಕರಣವನ್ನು ಯಶಸ್ಸಿನ ಕಥೆಯಾಗಿ ಹೇಳುವವರಿಗೆ ನಾನು ಆಕೆಯ ಖಾಲಿ ಕುರ್ಚಿಯನ್ನು ನೆನಪಿಸುತ್ತೇನೆ.

ನಡೆಸುವ ರೀತಿಯಲ್ಲಿ ಕೆಲವು ಬದಲಾವಣೆಗಳಾದವು. ಯಾರಾದರೂ ತಮ್ಮ ಬಗ್ಗೆ ಏನನ್ನಾದರೂ ಹೇಳಿಕೊಂಡರೆ ಅದನ್ನು ಮುಂದಿನ ವಾರದ ವಿಷಯವಾಗಿ ಘೋಷಿಸುವುದನ್ನು ಬಿಟ್ಟೆ. ಮೊದಲು ಅವರೊಡನೆ ಬೇರೆಯಾಗಿ ಮಾತಾಡುತ್ತೇನೆ. ಉತ್ತರವಿಲ್ಲದ ಇಪ್ಪತ್ತು ನಿಮಿಷ ಈಗ ಎಲ್ಲ ಕಠಿಣ ಚರ್ಚೆಗಳಿಗೂ ಇದೆ, ಹತ್ತಕ್ಕೆ ಇಳಿಸಬೇಕೆಂಬ ಬೇಡಿಕೆಯೂ ಇದೆ. ಗೋಪ್ಯತೆಯ ನಿಯಮಕ್ಕೆ ಒಂದು ಮಾತು ಸೇರಿಸಿದೆವು: ಕೇಳಿದ್ದು ಮನಸ್ಸಾಕ್ಷಿಯನ್ನು ಚುಚ್ಚಿದರೆ ಮೊದಲು ಹೇಳಿದವರ ಬಳಿಗೇ ಹೋಗಬೇಕು.

ಹಿರಿಯರು ವೇದಪಾಠ ಓದುವುದನ್ನು ಸಭಾಪಾಲಕರು ನಿಲ್ಲಿಸಲಿಲ್ಲ. ಕರ್ತನ ಭೋಜನದ ಭಾನುವಾರಗಳಲ್ಲಿ ನಾವು ನೀಸಿಯಾ ವಿಶ್ವಾಸಪ್ರಮಾಣವನ್ನು, ಅಂದರೆ ಎದುರುನೋಡುತ್ತೇವೆ ಎನ್ನುವ 381ರ ವಿಸ್ತೃತ ಪಾಠವನ್ನು, ಹೇಳುತ್ತೇವೆ. ಆ ಪಾಠದಲ್ಲಿ ತಾವು ಪೂರ್ತಿ ಸೇರಿಕೊಳ್ಳುವುದಾಗಿ ಅವರು ನನಗೆ ತಿಳಿಸಿದರು. ಉಳಿದ ಭಾನುವಾರಗಳ ಬಗ್ಗೆ ಅವರು ಏನೂ ಹೇಳಿಲ್ಲ, ನಾನೂ ಕೇಳಿಲ್ಲ. ಆ ಸಾಲು ಬಂದಾಗ ಅವರ ತುಟಿಯ ಕಡೆ ನೋಡಬಾರದೆಂದು ನಾನು ಎರಡು ಸಾಲು ಮುಂದೆ ಕೂರುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಆರನೆಯ ವಾರ ಗುಂಪು ನಿಲ್ಲಿಸಿದ್ದಲ್ಲಿಂದ ಮುಂದುವರಿದು ಮಾರ್ಕನ 12ನೆಯ ಅಧ್ಯಾಯದ 28ನೆಯ ವಚನಕ್ಕೆ ಹೋಯಿತು. ಸದ್ದುಕಾಯರ ವಾದವನ್ನು ಕೇಳಿಸಿಕೊಳ್ಳುತ್ತ ನಿಂತಿದ್ದ ಶಾಸ್ತ್ರಿಯೊಬ್ಬನು ಆಗ ಯೇಸುವಿನ ಹತ್ತಿರ ಬಂದು, ಎಲ್ಲ ಆಜ್ಞೆಗಳಲ್ಲಿ ಮೊದಲನೆಯದು ಯಾವುದು ಎಂದು ಕೇಳುತ್ತಾನೆ. ಅಂದು ಪಾಠವನ್ನು ಗಟ್ಟಿಯಾಗಿ ಓದಿದವರು ಹಿರಿಯರು.